ಬಾಂಡ್ಲಿ ಸಾಲಿನಲ್ಲಿ ವೆರಿಲಾಗ್

"ಸಾರ್, ಈ ಬೋರ್ಡ್ ಹಾಳಾಗಿದೆ."

ನಾಲ್ಕನೇ ಸೆಮಿಸ್ಟರಿನ ಹುಡುಗಿಯ ದೂರು. ಬಟನ್ ಒಮ್ಮೆ ಒತ್ತಿದರೆ ಕೌಂಟರ್ ಒಂದು ಹೆಚ್ಚಬೇಕು, ಅಷ್ಟೇ ಪ್ರಯೋಗ. ಇಲ್ಲಿ ಒಮ್ಮೆ ಒತ್ತಿದರೆ ಸೊನ್ನೆಯಿಂದ ಸೀದಾ ನಾಲ್ಕು. ರೀಸೆಟ್ ಮಾಡಿ ಮತ್ತೆ ಒತ್ತಿದರೆ ಎರಡು. ಇನ್ನೊಮ್ಮೆ ಏಳು. ಪಕ್ಕದ ಕಂಪ್ಯೂಟರಿನ ಪರದೆಯಲ್ಲಿ ಮಾತ್ರ ಸಿಮ್ಯುಲೇಷನ್ ಎಳೆದ ಗೆರೆಗಳು ಹಬ್ಬದ ರಂಗೋಲಿಯ ಹಾಗೆ ನೆಟ್ಟಗಿದ್ದವು: ಒಂದು, ಎರಡು, ಮೂರು. "ಔಟ್‌ಪುಟ್ ಬಂದಿದೆ ಸಾರ್, ನೋಡಿ. ಕೋಡ್ ಸರಿ ಇದೆ. ಬೋರ್ಡೇ ಸರಿ ಇಲ್ಲ."

ಬೋರ್ಡ್ ಸರಿಯಾಗಿಯೇ ಇತ್ತು. ಏನಾಗಿತ್ತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಡಿಜಿಟಲ್ ಲಾಜಿಕ್ ಪಾಠ ಮಾಡುತ್ತ ಇಷ್ಟು ವರ್ಷ ಕಳೆದ ಮೇಲೆ ನನಗೆ ಖಾತ್ರಿಯಾಗಿರುವುದು ಒಂದು ಸಂಗತಿ. ಎಚ್‌ಡಿಎಲ್, ಅಂದರೆ ಹಾರ್ಡ್‌ವೇರನ್ನು ವಿವರಿಸುವ ಭಾಷೆ, ಕಲಿಸುವಾಗ ನಮಗೆ ಅಡ್ಡ ಬರುವುದು ಅದರ ಮುಖಚಹರೆ. ನೋಡಲು ಅದು ಥೇಟ್ ಸಿ ಪ್ರೋಗ್ರಾಂ. ಇಫ್ ಇದೆ, ಎಲ್ಸ್ ಇದೆ, ಫಾರ್ ಲೂಪ್ ಇದೆ, ಸಾಲಿನ ಕೊನೆಗೆ ಅರ್ಧವಿರಾಮವೂ ಇದೆ. ಮೊದಲ ವರ್ಷ ಸಿ ಕಲಿತು ಬಂದ ಹುಡುಗರಿಗೆ ಹಳೆಯ ಗೆಳೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಷ್ಟು ಖುಷಿ. ಆ ಖುಷಿಯೇ ಮುಳುವಾಗುತ್ತದೆ. ಸಿ ಭಾಷೆಯಲ್ಲಿ ಬರೆದದ್ದು ಈಗಾಗಲೇ ಇರುವ ಒಂದು ಯಂತ್ರಕ್ಕೆ ಕೊಡುವ ಆದೇಶಗಳ ಪಟ್ಟಿ, ಒಂದು ಮುಗಿದ ಮೇಲೆ ಇನ್ನೊಂದು. ವೆರಿಲಾಗ್ ಎಂಬ ಎಚ್‌ಡಿಎಲ್‌ನಲ್ಲಿ ಬರೆದದ್ದು ಇನ್ನೂ ಹುಟ್ಟದ ಯಂತ್ರದ ನಕ್ಷೆ. ಮನೆಯ ಪ್ಲಾನ್ ಮುಂದೆ ಹಿಡಿದುಕೊಂಡು ಅಡುಗೆಮನೆ ಮೊದಲೋ ಬಚ್ಚಲು ಮೊದಲೋ ಎಂದು ಯಾರಾದರೂ ಕೇಳುತ್ತಾರೆಯೇ?

ನಾವು ಕಲಿಯುವಾಗ ಈ ಗೊಂದಲ ಇರಲಿಲ್ಲ, ಬೇರೆ ಗೊಂದಲಗಳಿದ್ದವು. ತೊಂಬತ್ತರ ದಶಕದ ಲಾಜಿಕ್ ಡಿಸೈನ್ ಲ್ಯಾಬ್ ಎಂದರೆ ಟ್ರೈನರ್ ಕಿಟ್, ಬಣ್ಣಬಣ್ಣದ ವೈರುಗಳು, ಅಟೆಂಡರ್ ಎದುರು ಸಹಿ ಹಾಕಿ ಪಡೆಯಬೇಕಾದ ಐಸಿಗಳು. 7400 ಎಂದರೆ ನ್ಯಾಂಡ್, 7408 ಆಂಡ್, 7432 ಆರ್, 7486 ಎಕ್ಸಾರ್. ಎಲ್ಲವೂ ಹದಿನಾಲ್ಕು ಕಾಲಿನ ಕಪ್ಪು ಹುಳುಗಳು. ಏಳನೇ ಕಾಲು ಗ್ರೌಂಡ್, ಹದಿನಾಲ್ಕನೇ ಕಾಲಿಗೆ ಐದು ವೋಲ್ಟ್. ಈ ಮಂತ್ರ ಬಾಯಿಪಾಠವಾಗಿ ಬಿಟ್ಟ ಮೇಲೆ ಕೈಗೆ ಬರುತ್ತಿದ್ದದ್ದು 7490 ಎಂಬ ದಶಮಾನ ಕೌಂಟರ್. ಅದಕ್ಕೂ ಹದಿನಾಲ್ಕೇ ಕಾಲು. ಆದರೆ ಅದಕ್ಕೆ ವೋಲ್ಟೇಜ್ ಕೊಡಬೇಕಾದದ್ದು ಐದನೇ ಕಾಲಿಗೆ, ಗ್ರೌಂಡ್ ಹತ್ತನೆಯದಕ್ಕೆ. ಮಂತ್ರವನ್ನೇ ನಂಬಿದವನು ಒಂದೂವರೆ ಗಂಟೆ ವೈರು ಕಿತ್ತು ಹಾಕಿ, ಹಾಕಿ ಕಿತ್ತು, ಕೊನೆಗೆ "ಐಸಿ ಸತ್ತಿದೆ ಸಾರ್" ಎಂದು ಅಟೆಂಡರ್ ಮುಂದೆ ನಿಲ್ಲುತ್ತಿದ್ದ. ಅವರು ಮಾತಾಡದೆ ಒಂದು ವೈರು ತೆಗೆದು ಐದನೇ ಕಾಲಿಗೆ ಚುಚ್ಚುತ್ತಿದ್ದರು. ಎಲ್ಇಡಿಗಳು ಎದ್ದು ಎಣಿಸಲು ಶುರು ಮಾಡುತ್ತಿದ್ದವು. ಆ ಪುಣ್ಯಾತ್ಮನಿಗೆ ಡಿಪ್ಲೊಮಾ ಕೂಡ ಇರಲಿಲ್ಲ. ನಮಗೆ ಪಾಠ ಮಾಡುತ್ತಿದ್ದ ಇಬ್ಬರು ಮೂವರಿಗಿಂತ ಹೆಚ್ಚು ಗೊತ್ತಿತ್ತು.

ಆ ಲ್ಯಾಬ್ ಮಾತಿಲ್ಲದೆಯೇ ಒಂದು ಪಾಠ ಹೇಳಿಕೊಡುತ್ತಿತ್ತು. ವೈರು ಯಾವಾಗಲೂ ಅಲ್ಲೇ ಇರುತ್ತದೆ. ಮೂರು ಗೇಟುಗಳಿದ್ದರೆ ಮೂರೂ ಸದಾ ಕೆಲಸದಲ್ಲಿರುತ್ತವೆ. ಯಾವ ಗೇಟೂ ತನ್ನ ಸರದಿಗೆ ಕ್ಯೂ ನಿಲ್ಲುವುದಿಲ್ಲ. ಕೈಯಲ್ಲಿ ವೈರು ಹಿಡಿದವನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಆದರೆ ಆ ದಾರಿ ಎಲ್ಲಿಯವರೆಗೆ ಹೋದೀತು? ನಾಲ್ಕು ಬಿಟ್‌ಗಳ ಅಡ್ಡರ್ ಜೋಡಿಸುವ ಹೊತ್ತಿಗೆ ಮೂರು ಗಂಟೆಯ ಲ್ಯಾಬ್ ಮುಗಿದಿರುತ್ತಿತ್ತು. 1971ರ ಇಂಟೆಲ್ 4004 ಪ್ರೊಸೆಸರ್‌ನಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರು. 2020ರ ಆ್ಯಪಲ್ ಎಂ1 ಚಿಪ್‌ನಲ್ಲಿ 1,600 ಕೋಟಿ. ಮೊದಲನೆಯದನ್ನು ಮೇಜಿನ ಮೇಲೆ ಹಾಳೆ ಹರವಿ ಕೈಯಿಂದ ಎಳೆಯಬಹುದಿತ್ತು, ಎಳೆದರು ಕೂಡ. ಎರಡನೆಯದನ್ನು ಎಳೆಯಲು ಹೊರಟರೆ ಆಯುಷ್ಯ ಸಾಲದು. ಚಿತ್ರ ಬಿಟ್ಟು ಬರವಣಿಗೆಗೆ ಇಳಿಯದೆ ಗತಿಯಿರಲಿಲ್ಲ.

ಹಾಗೆ ಹುಟ್ಟಿದ ಭಾಷೆಗಳಲ್ಲಿ ಎರಡು ಉಳಿದುಕೊಂಡವು. ಒಂದು ವಿಎಚ್‌ಡಿಎಲ್. ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ರಕ್ಷಣಾ ಇಲಾಖೆ, ತಾನು ಕೊಳ್ಳುವ ಚಿಪ್‌ಗಳ ಒಳಗೇನಿದೆ ಎಂಬುದು ಬರಹದಲ್ಲಿ ದಾಖಲಾಗಬೇಕು ಎಂದು ಹಟ ಹಿಡಿದದ್ದರ ಫಲ ಅದು. 1987ರಲ್ಲಿ ಐಇಇಇ ಪ್ರಮಾಣಿತ ಭಾಷೆಯಾಯಿತು. ಸರ್ಕಾರಿ ಕೂಸಾದ್ದರಿಂದ ಎಲ್ಲಕ್ಕೂ ಘೋಷಣೆ, ಎಲ್ಲಕ್ಕೂ ಅರ್ಜಿ ನಮೂನೆ. ಇನ್ನೊಂದು ವೆರಿಲಾಗ್. 1983-84ರ ಸುಮಾರಿಗೆ ಅಮೆರಿಕದ ಗೇಟ್‌ವೇ ಡಿಸೈನ್ ಆಟೊಮೇಷನ್ ಎಂಬ ಸಣ್ಣ ಕಂಪನಿಯಲ್ಲಿ ಫಿಲ್ ಮೂರ್ಬಿ ಮತ್ತು ಪ್ರಭು ಗೋಯಲ್ ಸೇರಿ ರೂಪಿಸಿದ್ದು. ಗೋಯಲ್ ಕಾನ್ಪುರದ ಐಐಟಿಯಲ್ಲಿ ಓದಿದವರು. ನಮ್ಮ ಹುಡುಗರಿಗೆ ಈ ಮಾತು ಹೇಳಿದರೆ ಒಂದು ಕ್ಷಣ ಮೊಬೈಲಿನಿಂದ ತಲೆ ಎತ್ತುತ್ತಾರೆ. ಮುಂದೆ ಆ ಕಂಪನಿಯನ್ನು ಕೇಡೆನ್ಸ್ ಕೊಂಡಿತು, ಭಾಷೆಯನ್ನು ಎಲ್ಲರಿಗೂ ಮುಕ್ತವಾಗಿಸಿತು, 1995ರಲ್ಲಿ ವೆರಿಲಾಗ್ ಕೂಡ ಐಇಇಇ ಪ್ರಮಾಣಿತ ಭಾಷೆಯಾಯಿತು.

ಇಷ್ಟು ಇತಿಹಾಸ ಹೇಳಿದ್ದಕ್ಕೆ ಕಾರಣವಿದೆ. ಈ ಎರಡೂ ಭಾಷೆಗಳು ಹುಟ್ಟಿದಾಗ ಚಿಪ್ ತಯಾರಿಸುವುದಕ್ಕೆಂದು ಹುಟ್ಟಲಿಲ್ಲ. ಒಂದು ದಾಖಲೆಗೆ, ಇನ್ನೊಂದು ಸಿಮ್ಯುಲೇಷನ್ನಿಗೆ, ಅಂದರೆ ಸರ್ಕ್ಯೂಟ್ ಹೇಗೆ ವರ್ತಿಸೀತು ಎಂದು ಕಂಪ್ಯೂಟರಿನಲ್ಲಿ ಆಡಿಸಿ ನೋಡುವುದಕ್ಕೆ. ಬರೆದ ಪಠ್ಯವನ್ನು ಓದಿ ತಾನೇ ಗೇಟುಗಳ ಜಾಲವನ್ನು ಹೆಣೆದುಕೊಡುವ ಸಿಂಥೆಸಿಸ್ ಎಂಬ ತಂತ್ರಾಂಶ ವ್ಯಾಪಕವಾಗಿ ಬಳಕೆಗೆ ಬಂದದ್ದು ಎಂಬತ್ತರ ದಶಕದ ಕೊನೆಗೆ. ಅದು ಬಂದು ನೋಡಿದರೆ, ಭಾಷೆಯ ಒಂದು ಪಾಲು ಮಾತ್ರ ಹಾರ್ಡ್‌ವೇರ್ ಆಗುವಂಥದ್ದು, ಮಿಕ್ಕದ್ದು ಪರದೆಯ ಮೇಲಿನ ಆಟ. "ಹತ್ತು ನ್ಯಾನೋಸೆಕೆಂಡ್ ಕಾಯಿ" ಎಂದು ಒಂದು ಸಾಲು ಬರೆಯಬಹುದು. ಸಿಮ್ಯುಲೇಟರ್ ನಿಯತ್ತಾಗಿ ಕಾಯುತ್ತದೆ, ಸಿಂಥೆಸಿಸ್ ಆ ಸಾಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಕಾಯುವುದಕ್ಕೆ ಸಿಲಿಕಾನ್‌ನಲ್ಲಿ ಏನಾದರೂ ಇರಬೇಕಲ್ಲ! ಪರದೆಯಲ್ಲಿ ಸರಿ, ಬೋರ್ಡಿನಲ್ಲಿ ತಪ್ಪು ಎಂಬ ವಿದ್ಯಾರ್ಥಿಗಳ ನಿತ್ಯದ ಗೋಳಿನ ಬೇರು ಇಲ್ಲಿದೆ. ಇದನ್ನು ಮೊದಲ ದಿನವೇ ಹೇಳುವ ಪಠ್ಯಪುಸ್ತಕಗಳು ಕಡಿಮೆ. ಬಹುಪಾಲು ಪುಸ್ತಕಗಳು ಕೀವರ್ಡ್‌ಗಳಿಂದ ಶುರುವಾಗಿ ಕೀವರ್ಡ್‌ಗಳಲ್ಲೇ ಮುಗಿಯುತ್ತವೆ.

ಈಗ ಬಾಂಡ್ಲಿಗೆ ಬರೋಣ.

ವೆರಿಲಾಗ್‌ನಲ್ಲಿ ಬೆಲೆ ತುಂಬುವುದಕ್ಕೆ ಎರಡು ಚಿಹ್ನೆಗಳಿವೆ. ಒಂದು ಬರಿಯ =, ಇನ್ನೊಂದು <=. ಪುಸ್ತಕಗಳು ಮೊದಲನೆಯದನ್ನು ಬ್ಲಾಕಿಂಗ್ ಎಂದೂ ಎರಡನೆಯದನ್ನು ನಾನ್‌ಬ್ಲಾಕಿಂಗ್ ಎಂದೂ ಕರೆಯುತ್ತವೆ. ಈ ಹೆಸರು ಕೇಳಿ ಯಾರಿಗಾದರೂ ಏನಾದರೂ ಅರ್ಥವಾದದ್ದನ್ನು ನಾನು ಕಂಡಿಲ್ಲ. ವೈವಾದಲ್ಲಿ ಕೇಳಿದರೆ ವ್ಯಾಖ್ಯೆಯನ್ನು ಉಸಿರು ಬಿಡದೆ ಒಪ್ಪಿಸುತ್ತಾರೆ, "ಹಾಗಾದರೆ ಇಲ್ಲಿ ಯಾವುದು ಹಾಕುತ್ತೀಯ?" ಎಂದರೆ ಮೌನ. ಒಂದು ವರ್ಷ ಕಾಲೇಜಿನಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಲ್ಯಾಬಿನ ಕಿಟಕಿಯಾಚೆ ಅವತ್ತು ಮೋಲ್ಡ್ ಹಾಕುವ ದಿನ. ಕಾಂಕ್ರೀಟ್ ಮಿಕ್ಸರಿನಿಂದ ಮೇಲಿನ ತನಕ ಆಳುಗಳ ಸಾಲು, ಕೈಯಿಂದ ಕೈಗೆ ಬಾಂಡ್ಲಿ. ಪಾಠ ನಿಲ್ಲಿಸಿ ಎಲ್ಲರನ್ನೂ ಕಿಟಕಿಗೆ ಕರೆದೆ.

ಆ ಸಾಲಿನಲ್ಲಿ ಮೂವರನ್ನು ಮಾತ್ರ ನೋಡಿ. ಅವರಿಗೆ ಬ, ಕ, ಡ ಎಂದು ಹೆಸರಿಡೋಣ. ಕೆಳಗೆ ಮಾಲು ತುಂಬಿ ಕೊಡುವವನು ಅ. ಮೇಸ್ತ್ರಿ "ಹೂಂ" ಅಂದಾಗಲೆಲ್ಲ ಎಲ್ಲರ ಕೈಯೂ ಒಟ್ಟಿಗೆ ಆಡುತ್ತದೆ. ಬ ತನ್ನ ಕೈಯಲ್ಲಿದ್ದದ್ದನ್ನು ಕ ಕಡೆಗೆ ದಾಟಿಸಿ, ಅದೇ ಗಳಿಗೆಗೆ ಅ ಕೊಟ್ಟದ್ದನ್ನು ಹಿಡಿಯುತ್ತಾನೆ. ಕ ತನ್ನದನ್ನು ಡಗೆ ಕೊಡುತ್ತಾನೆ. ಒಂದು ಬಾಂಡ್ಲಿ ಅ ಬಳಿಯಿಂದ ಡ ಕೈ ಸೇರಲು ಮೂರು "ಹೂಂ" ಬೇಕು. ಇದನ್ನೇ ವೆರಿಲಾಗ್‌ನಲ್ಲಿ ಬರೆದರೆ ಹೀಗೆ:

ಬ <= ಅ; ಕ <= ಬ; ಡ <= ಕ;

ವೆರಿಲಾಗ್ ಕನ್ನಡ ಅಕ್ಷರ ಒಪ್ಪುವುದಿಲ್ಲ, ಕರಿಹಲಗೆ ಒಪ್ಪುತ್ತದೆ. <= ಎಂಬುದರ ಅರ್ಥ ಇಷ್ಟು: ಮೇಸ್ತ್ರಿ ಕೂಗಿದಾಗ ಎಲ್ಲರೂ ಮೊದಲು ಪಕ್ಕದವರ ಕೈಯಲ್ಲಿ ಏನಿದೆ ಎಂದು ನೋಡಿಕೊಳ್ಳಬೇಕು, ಎಲ್ಲರೂ ನೋಡಿಯಾದ ಮೇಲೆ ಒಟ್ಟಿಗೆ ತೆಗೆದುಕೊಳ್ಳಬೇಕು. ಕೈಯಲ್ಲಿದ್ದದ್ದನ್ನು ಮುಂದಿನ ಕೂಗಿನ ತನಕ ಹಿಡಿದಿರುವ ಒಬ್ಬೊಬ್ಬನೂ ಒಂದು ಫ್ಲಿಪ್‌ಫ್ಲಾಪ್, ಮೇಸ್ತ್ರಿಯ ಕೂಗೇ ಕ್ಲಾಕ್. ಮೂರು ಫ್ಲಿಪ್‌ಫ್ಲಾಪ್‌ಗಳ ಶಿಫ್ಟ್ ರಿಜಿಸ್ಟರ್ ಸಿದ್ಧ. ಈಗ ಅದೇ ಮೂರು ಸಾಲನ್ನು ಬರಿಯ = ಹಾಕಿ ಬರೆಯಿರಿ. ಮೊದಲ ಸಾಲು ಮುಗಿದಾಗ ಬ ಕೈಗೆ ಅ ಕೊಟ್ಟ ಹೊಸ ಬಾಂಡ್ಲಿ ಬಂದಾಗಿದೆ. ಎರಡನೇ ಸಾಲಿನಲ್ಲಿ ಕ ತೆಗೆದುಕೊಳ್ಳುವುದು ಆ ಹೊಸದನ್ನೇ. ಮೂರನೇ ಸಾಲಿನಲ್ಲಿ ಡ ಕೈಗೂ ಅದೇ. ಒಂದೇ "ಹೂಂ"ಗೆ ಮಾಲು ಕೆಳಗಿನಿಂದ ಮೇಲಿನ ತನಕ ಹಾರಿಹೋಯಿತು. ಸಿಂಥೆಸಿಸ್ ತಂತ್ರಾಂಶ ಇದನ್ನು ನೋಡಿ, ಮೂವರ ಕೈಯಲ್ಲೂ ಯಾವಾಗಲೂ ಒಂದೇ ಮಾಲು ಇರುವುದಾದರೆ ಮೂವರು ಯಾಕೆ ಎಂದು ಇಬ್ಬರನ್ನು ಮನೆಗೆ ಕಳಿಸುತ್ತದೆ. ಉಳಿಯುವುದು ಒಂದು ಫ್ಲಿಪ್‌ಫ್ಲಾಪ್.

"ಸಾರ್, ಸಾಲುಗಳನ್ನು ತಿರುಗುಮುರುಗು ಮಾಡಿದರೆ?" ಎಂದು ಹಿಂದಿನ ಬೆಂಚಿನ ಒಬ್ಬ ಕೇಳಿದ. ಮೊದಲು ಡ = ಕ, ಆಮೇಲೆ ಕ = ಬ, ಕೊನೆಗೆ ಬ = ಅ. ಆಗ = ಹಾಕಿದರೂ ಸರಿಯಾಗಿಯೇ ನಡೆಯುತ್ತದೆ, ಮೇಲಿನವನು ಮೊದಲು ಖಾಲಿ ಮಾಡಿಕೊಳ್ಳುವುದರಿಂದ. ಅಪಾಯ ಇರುವುದೂ ಅಲ್ಲೇ. ಸಾಲಿನ ಕ್ರಮ ಬದಲಿಸಿದರೆ ಸರ್ಕ್ಯೂಟೇ ಬದಲಾಗುವ ಬರವಣಿಗೆ ನಕ್ಷೆಯಲ್ಲ, ಅದು ಮತ್ತೆ ಪ್ರೋಗ್ರಾಂ. ಆ ಹುಡುಗ ಪರೀಕ್ಷೆಯಲ್ಲಿ ಅಷ್ಟಕ್ಕಷ್ಟೆ. ಅವತ್ತಿನ ಪ್ರಶ್ನೆ ಮಾತ್ರ ಇಡೀ ಸೆಮಿಸ್ಟರಿನಲ್ಲಿ ಕೇಳಿದ ಪ್ರಶ್ನೆಗಳಲ್ಲೇ ಮೇಲು.

ಬಾಂಡ್ಲಿ ಸಾಲು ಅಷ್ಟಕ್ಕೇ ಮುಗಿಯಲಿಲ್ಲ. ಕ ಮತ್ತು ಡ ನಡುವೆ ಆರು ಮೆಟ್ಟಿಲುಗಳ ಏಣಿ ಇತ್ತು. ಉಳಿದವರು ನಿಂತಲ್ಲೇ ಕೈ ಚಾಚಿದರೆ ಸಾಕು, ಕ ಮಾತ್ರ ಏಣಿ ಹತ್ತಿ ಕೊಟ್ಟು ಇಳಿಯಬೇಕು. ಅವನು ಇಳಿದು ಬರುವ ತನಕ ಮೇಸ್ತ್ರಿ ಮುಂದಿನ "ಹೂಂ" ಕೂಗುವಂತಿಲ್ಲ. ಇಡೀ ಸಾಲಿನ ವೇಗ ಅವನೊಬ್ಬನ ಕಾಲಿನ ಮೇಲೆ ನಿಂತಿತ್ತು. ಚಿಪ್‌ನ ಕ್ಲಾಕ್ ವೇಗ ನಿರ್ಧಾರವಾಗುವುದು ಹೀಗೆಯೇ. ಎರಡು ಫ್ಲಿಪ್‌ಫ್ಲಾಪ್‌ಗಳ ನಡುವೆ ಎಲ್ಲಿ ಅತಿ ಹೆಚ್ಚು ಗೇಟುಗಳಿವೆಯೋ ಆ ದಾರಿ ಇಡೀ ಚಿಪ್ಪಿನ ವೇಗಕ್ಕೆ ಲಗಾಮು. ಕಾಲೇಜು ಲ್ಯಾಬುಗಳಲ್ಲಿ ಹೆಚ್ಚಾಗಿ ಕಾಣುವ ಬೇಸಿಸ್ 3 ಬೋರ್ಡಿನ ಕ್ಲಾಕು 100 ಮೆಗಾಹರ್ಟ್ಸ್. ಒಂದು "ಹೂಂ"ನಿಂದ ಇನ್ನೊಂದಕ್ಕೆ ಹತ್ತೇ ನ್ಯಾನೋಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಮೂರು ಮೀಟರ್ ಓಡಿ ಸುಸ್ತಾಗುತ್ತದೆ. ಗಂಟೆ ಹನ್ನೊಂದಾಗುವ ಹೊತ್ತಿಗೆ ಮೇಸ್ತ್ರಿಗೂ ತಾಳ್ಮೆ ತಪ್ಪಿತು. ಏಣಿಯ ಮಧ್ಯೆ ಇನ್ನೊಬ್ಬನನ್ನು ನಿಲ್ಲಿಸಿದ. ಮೊದಲ ಬಾಂಡ್ಲಿ ಮೇಲೆ ಮುಟ್ಟಲು ಈಗ ಒಂದು "ಹೂಂ" ಹೆಚ್ಚು ಬೇಕು, ಆದರೆ "ಹೂಂ"ಗಳೇ ಎರಡು ಪಟ್ಟು ಬೇಗ ಬರತೊಡಗಿದವು. ಇದಕ್ಕೆ ಪೈಪ್‌ಲೈನಿಂಗ್ ಅನ್ನುತ್ತಾರೆ ಎಂದೆ. ಯಾರೂ ಬರೆದುಕೊಳ್ಳಲಿಲ್ಲ, ಎಲ್ಲರಿಗೂ ನೆನಪಿದೆ.

ಇನ್ನೊಂದು ಹಳ್ಳ ಇದೆ, ಅದಕ್ಕೆ ಬೀಳದ ವಿದ್ಯಾರ್ಥಿಯೇ ಇಲ್ಲ. ಮನೆಯಲ್ಲಿ ಹುಡುಗನಿಗೆ "ಮಳೆ ಬಂದರೆ ಬಟ್ಟೆ ಒಳಗೆ ತಾ" ಎಂದು ಹೇಳಿ ಪೇಟೆಗೆ ಹೋಗುತ್ತೀರಿ. ಮಳೆ ಬಂತು, ತಂದ. ಮಳೆ ನಿಂತಿತು. ಈಗ? ನೀವು ಏನೂ ಹೇಳಿಲ್ಲ, ಬಟ್ಟೆ ಇದ್ದಲ್ಲೇ ಇರುತ್ತದೆ. ಹುಡುಗ ಬುದ್ಧಿವಂತನಾದರೆ ಮತ್ತೆ ಒಣಗಿಸಿಯಾನು. ತಂತ್ರಾಂಶ ಅಷ್ಟು ಬುದ್ಧಿವಂತ ಅಲ್ಲ. ಇಫ್ ಬರೆದು ಎಲ್ಸ್ ಬರೆಯದೆ ಬಿಟ್ಟರೆ "ಹಳೆಯದನ್ನೇ ಹಿಡಿದುಕೊ" ಎಂದು ಅರ್ಥ ಮಾಡಿಕೊಂಡು, ಹಿಡಿದುಕೊಳ್ಳಲು ಒಂದು ಲ್ಯಾಚ್ ಕಟ್ಟಿಬಿಡುತ್ತದೆ. ನೀವು ಬರೀ ಗೇಟುಗಳ ಸರ್ಕ್ಯೂಟ್ ಕೇಳಿದ್ದಿರಿ, ಬಂದದ್ದು ನೆನಪು ಇಟ್ಟುಕೊಳ್ಳುವ ಸರ್ಕ್ಯೂಟ್. ತಂತ್ರಾಂಶ ಒಂದು ವಾರ್ನಿಂಗ್ ಕೊಡುತ್ತದೆ ನಿಜ. ಅದರ ಜೊತೆಗೆ ಇನ್ನೂ ನಲವತ್ತು ವಾರ್ನಿಂಗ್ ಕೊಟ್ಟಿರುತ್ತದೆ, ಮದುವೆಮನೆಯ ಗದ್ದಲದಲ್ಲಿ ಯಾರೋ "ಸ್ವಲ್ಪ ಹೊಗೆ ಬರ್ತಿದೆ" ಅಂದ ಹಾಗೆ.

ಹಾಗಾಗಿ ನನ್ನ ಲ್ಯಾಬಿನಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇನೆ. ಟೈಪ್ ಮಾಡುವ ಮೊದಲು ಪೆನ್ಸಿಲು. ಡಬ್ಬಿ ಎಳೆ, ಗೆರೆ ಎಳೆ, ಎಲ್ಲಿ ಫ್ಲಿಪ್‌ಫ್ಲಾಪ್ ಎಂದು ಗುರುತು ಮಾಡು, ಆಮೇಲೆ ಬರೆ. ಬರೆದಾದ ಮೇಲೆ ತಂತ್ರಾಂಶಕ್ಕೆ ಅದರ ಚಿತ್ರ ಬಿಡಿಸಲು ಹೇಳು. ವಿವಾಡೊ ಬಿಡಿಸುತ್ತದೆ, ಬಿಟ್ಟಿ ಸಿಗುವ ಯೋಸಿಸ್ ಕೂಡ ಬಿಡಿಸುತ್ತದೆ. ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡು. ಹೊಂದದಿದ್ದರೆ ತಪ್ಪು ಎಲ್ಲಿದೆ ಎಂದು ನಾನು ಹೇಳುವುದಿಲ್ಲ. ಮತ್ತೆ ವೈವಾಕ್ಕೆ ಒಂದೇ ಪ್ರಶ್ನೆ: ಇದರಲ್ಲಿ ಎಷ್ಟು ಫ್ಲಿಪ್‌ಫ್ಲಾಪ್ ಇವೆ? ಲ್ಯಾಬ್ ಪರೀಕ್ಷೆಯ ಲಾಟರಿಯಲ್ಲಿ ಎಎಲ್‌ಯು, ಅಂದರೆ ಕೂಡುವ ಕಳೆಯುವ ಸರ್ಕ್ಯೂಟ್, ಬಂದಿದೆ ಎಂದು ಎಂಬತ್ತು ಸಾಲನ್ನು ಒಂದು ಅಕ್ಷರ ತಪ್ಪದೆ ಟೈಪ್ ಮಾಡಿದವರು ಈ ಪ್ರಶ್ನೆಗೆ "ಎಂಟು" ಎನ್ನುತ್ತಾರೆ, "ಹದಿನಾರು" ಎನ್ನುತ್ತಾರೆ, ನನ್ನ ಮುಖ ನೋಡಿ ಮೂವತ್ತೆರಡಕ್ಕೆ ಏರಿಸುತ್ತಾರೆ. ಸರಿಯುತ್ತರ ಸೊನ್ನೆ. ಆ ಪ್ರಯೋಗದ ಎಎಲ್‌ಯು ಬರೀ ಗೇಟುಗಳದ್ದು. ಈಗಂತೂ ಕೇಳಿದರೆ ಎಐ ಕ್ಷಣದಲ್ಲಿ ಕೋಡ್ ಬರೆದುಕೊಡುತ್ತದೆ. ಬರೆಸಿಕೊಳ್ಳಲಿ. ಪೆನ್ಸಿಲಿನ ಚಿತ್ರ ಮತ್ತು ಆ ಒಂದು ಪ್ರಶ್ನೆ ಇರುವ ತನಕ ನನಗೆ ಚಿಂತೆಯಿಲ್ಲ.

ಬೋರ್ಡಿನ ನಡುವೆ ಕೂತಿರುವ, ನಾವು ಬರೆದ ಸರ್ಕ್ಯೂಟಿನ ವೇಷ ತೊಡುವ ಎಫ್‌ಪಿಜಿಎ ಚಿಪ್ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಅದು ನಮ್ಮ ಸಿಲಬಸ್ಸನ್ನು ಸದ್ದಿಲ್ಲದೆ ಅಣಕಿಸುತ್ತಿದೆ. ಜೈಲಿಂಕ್ಸ್ ಕಂಪನಿ 1985ರಲ್ಲಿ ತಂದ ಎಕ್ಸ್‌ಸಿ2064 ಈ ಬಗೆಯ ಮೊದಲ ಚಿಪ್, ಅದರಲ್ಲಿದ್ದದ್ದು 64 ಲಾಜಿಕ್ ಬ್ಲಾಕುಗಳು. ಇಂದು ಬೇಸಿಸ್ 3ರ ಮೇಲಿನ ಆರ್ಟಿಕ್ಸ್ ಚಿಪ್‌ನಲ್ಲಿ 20,800 ಲಟ್‌ಗಳಿವೆ. ಲಟ್ ಎಂದರೆ ಲುಕ್‌ಅಪ್ ಟೇಬಲ್. ಅದರೊಳಗೆ ಆಂಡ್ ಗೇಟೂ ಇಲ್ಲ, ಆರ್ ಗೇಟೂ ಇಲ್ಲ; 64 ಮನೆಗಳ ಒಂದು ಪುಟ್ಟ ಮೆಮೊರಿ ಇದೆ. ಆರು ಇನ್‌ಪುಟ್‌ಗಳು ಸೇರಿ ಒಂದು ಮನೆಯ ವಿಳಾಸ ಹೇಳುತ್ತವೆ, ಆ ಮನೆಯಲ್ಲಿ ಬರೆದಿರುವ ಸೊನ್ನೆಯೋ ಒಂದೋ ಹೊರಗೆ ಬರುತ್ತದೆ. ಮೊದಲ ವಾರ ಕರಿಹಲಗೆಯ ಮೇಲೆ ಬರೆಯುತ್ತೇವಲ್ಲ ಟ್ರೂತ್ ಟೇಬಲ್, ಅದನ್ನೇ ಚಿಪ್ಪಿನೊಳಗೆ ನಕಲು ಮಾಡಿ ಇಟ್ಟ ಹಾಗೆ. ಅಂದಮೇಲೆ ಆರು ಇನ್‌ಪುಟ್‌ಗಳೊಳಗಿನ ಯಾವ ಸಮೀಕರಣವಾದರೂ, ನೀವು ಅದನ್ನು ಎಷ್ಟೇ ಸುಲಭ ಮಾಡಿ ಅಥವಾ ಮಾಡದೆ ಬಿಡಿ, ಹಿಡಿಯುವ ಜಾಗ ಒಂದೇ ಲಟ್. ಬೆಲ್ ಲ್ಯಾಬ್ಸ್‌ನ ಮಾರಿಸ್ ಕಾರ್ನೊ 1953ರಲ್ಲಿ ಕೊಟ್ಟ, ಸಮೀಕರಣ ಸುಲಭ ಮಾಡುವ ಕೆ-ಮ್ಯಾಪ್ ಒಂದೊಂದು ಗೇಟಿಗೂ ಕಾಸು ಎಣಿಸುತ್ತಿದ್ದ ಕಾಲದ ಬೆಲೆಬಾಳುವ ಆಸ್ತಿ. ಇವತ್ತು ನಾವು ಅದಕ್ಕೆ ವಾರಗಟ್ಟಲೆ ಸುರಿದು, ಹತ್ತು ಅಂಕದ ಪ್ರಶ್ನೆಗಳನ್ನು ಹೆಣೆಯುತ್ತೇವೆ. ಅದನ್ನು ಪೂರ್ತಿ ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ, ಕಣ್ಣಿಗೆ ಕಾಣುವ ಹಾಗೆ ಬೂಲಿಯನ್ ಬೀಜಗಣಿತ ಕಲಿಸಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆದರೆ ಒಂದು ವಾರ ಸಾಕು. ಉಳಿದ ವಾರಗಳನ್ನು ಟೆಸ್ಟ್‌ಬೆಂಚಿಗೆ ಕೊಡಿ.

ಟೆಸ್ಟ್‌ಬೆಂಚ್ ಎಂದರೆ ನೀವು ಬರೆದ ಸರ್ಕ್ಯೂಟಿಗೆ ಇನ್‌ಪುಟ್‌ಗಳನ್ನು ಉಣಿಸಿ, ಹೊರಬಂದದ್ದು ಸರಿಯೋ ತಪ್ಪೋ ನೋಡುವ ಇನ್ನೊಂದು ಬರಹ. ಉದ್ಯಮದಲ್ಲಿ ಚಿಪ್ ಬರೆಯುವುದಕ್ಕಿಂತ ಅದನ್ನು ಪರೀಕ್ಷಿಸುವುದಕ್ಕೇ ಹೆಚ್ಚು ಬೆವರು ಹರಿಯುತ್ತದೆ. ಯಾಕೆ ಎಂಬುದಕ್ಕೆ ಇಂಟೆಲ್‌ನ ಪೆಂಟಿಯಂ ಕಥೆ ಸಾಕು. 1994ರಲ್ಲಿ ಅಮೆರಿಕದ ವರ್ಜೀನಿಯಾದ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ತಮ್ಮ ಲೆಕ್ಕಗಳು ಹೊಂದದೆ ಇರುವುದನ್ನು ಕಂಡು ಬೆನ್ನು ಹತ್ತಿದಾಗ ತಪ್ಪು ಸಿಕ್ಕಿದ್ದು ಪ್ರೊಸೆಸರ್‌ನಲ್ಲೇ. 41,95,835ನ್ನು 31,45,727ರಿಂದ ಭಾಗಿಸಿದರೆ 1.3338 ಬರಬೇಕು, ಪೆಂಟಿಯಂ 1.3337 ಎನ್ನುತ್ತಿತ್ತು. ಭಾಗಾಕಾರಕ್ಕೆಂದು ಚಿಪ್‌ನೊಳಗೆ ಇಟ್ಟಿದ್ದ ಕೋಷ್ಟಕದಲ್ಲಿ ಐದು ಮನೆಗಳು ಖಾಲಿ ಉಳಿದಿದ್ದವು. ಆ ಐದು ಮನೆಗಳಿಗೆ ಇಂಟೆಲ್ ತೆತ್ತದ್ದು 47.5 ಕೋಟಿ ಡಾಲರ್. ಪ್ರೋಗ್ರಾಂ ತಪ್ಪಿದರೆ ರಾತ್ರೋರಾತ್ರಿ ಅಪ್‌ಡೇಟ್ ಕಳಿಸಬಹುದು. ಸಿಲಿಕಾನ್ ಮೇಲೆ ಅಚ್ಚಾದದ್ದನ್ನು ಅಳಿಸುವ ರಬ್ಬರ್ ಇಲ್ಲ.

ನಮ್ಮಲ್ಲಿ ಟೆಸ್ಟ್‌ಬೆಂಚಿನ ಗತಿ ಏನು? ಲ್ಯಾಬ್ ಮ್ಯಾನ್ಯುವಲ್ ನೋಡಿ ಕೋಡ್ ಟೈಪ್ ಮಾಡುವುದು, ಸ್ವಿಚ್ ಒತ್ತಿದ ಹಾಗೆ ಕೈಯಿಂದ ಇನ್‌ಪುಟ್ ಬದಲಿಸುವುದು, ಬಂದ ವೇವ್‌ಫಾರ್ಮನ್ನು ರೆಕಾರ್ಡ್ ಪುಸ್ತಕಕ್ಕೆ ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ಇಳಿಸುವುದು. ಅದೂ ಪರದೆ ನೋಡಿಯಲ್ಲ, ಸೀನಿಯರ್‌ನ ರೆಕಾರ್ಡ್ ನೋಡಿ. ಒಂದು ವರ್ಷ ಇಡೀ ಬ್ಯಾಚಿನ ರೆಕಾರ್ಡುಗಳಲ್ಲಿ ಒಂದು ಫ್ಲಿಪ್‌ಫ್ಲಾಪ್ ಕ್ಲಾಕ್ ಬರುವುದಕ್ಕಿಂತ ಅರ್ಧ ಚೌಕ ಮುಂಚೆಯೇ ಬದಲಾಗುತ್ತಿತ್ತು. ಹುಡುಕಿದರೆ, ಮೂರು ವರ್ಷದ ಹಿಂದಿನ ಯಾರದೋ ಸ್ಕೇಲು ಜಾರಿದ್ದು ಪರಂಪರೆಯಾಗಿ ಇಳಿದು ಬಂದಿತ್ತು. ಭವಿಷ್ಯ ಬಲ್ಲ ಆ ಫ್ಲಿಪ್‌ಫ್ಲಾಪ್‌ಗೆ ನಾನೂ ಮೂರು ವರ್ಷ ಸಹಿ ಹಾಕಿದ್ದೆ.

ಕರ್ನಾಟಕದ ಮಕ್ಕಳಿಗೆ ಇದು ಬರೀ ಅಂಕದ ವಿಷಯ ಅಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದಾಗಿನಿಂದ ಚಿಪ್ ವಿನ್ಯಾಸ ಈ ಊರಿನ ಕಸುಬುಗಳಲ್ಲೊಂದು. ಇಂಟೆಲ್, ಕ್ವಾಲ್‌ಕಾಮ್, ಎಎಂಡಿ ಎಲ್ಲದರ ವಿನ್ಯಾಸ ತಂಡಗಳೂ ಇಲ್ಲಿವೆ. ನಾವು ಲ್ಯಾಬಿನಲ್ಲಿ ವೈರು ಚುಚ್ಚುತ್ತಿದ್ದ ಆ 74 ಸರಣಿಯ ಐಸಿಗಳು ಇದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಪ್ರಸಿದ್ಧಿಗೆ ತಂದವು ಎಂಬುದು ನನಗೆ ಗೊತ್ತಾದದ್ದು ಡಿಗ್ರಿ ಮುಗಿದ ಮೇಲೆ. ಕೇಂದ್ರ ಸರ್ಕಾರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆ 85,000 ಮಂದಿಗೆ ಚಿಪ್ ವಿನ್ಯಾಸದ ತರಬೇತಿ ಕೊಡುವ ಗುರಿ ಇಟ್ಟುಕೊಂಡಿದೆ. ದುಬಾರಿ ತಂತ್ರಾಂಶಗಳನ್ನು ಕಾಲೇಜುಗಳಿಗೆ ಹಂಚುವ ಚಿಪ್‌ಇನ್ ಕೇಂದ್ರ ಇರುವುದು ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿ. ಅದ್ಯಾವುದೂ ಕೈಗೆಟುಕದ ಊರಿನ ಹುಡುಗನಿಗೂ ದಾರಿ ಇದೆ. ಇಕಾರಸ್ ವೆರಿಲಾಗ್ ಮತ್ತು ಜಿಟಿಕೆವೇವ್ ಪುಕ್ಕಟೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ. ಎಚ್‌ಡಿಎಲ್‌ಬಿಟ್ಸ್ ಎಂಬ ತಾಣದಲ್ಲಿ ಒಂದೊಂದೇ ಸಣ್ಣ ಸರ್ಕ್ಯೂಟ್ ಬರೆಯುತ್ತ ಹೋದರೆ ತಪ್ಪಿದ್ದಲ್ಲಿ ಅಲ್ಲೇ ಕಿವಿ ಹಿಂಡುತ್ತದೆ. ಐಐಟಿ ಖರಗ್‌ಪುರದ ಇಂದ್ರನೀಲ್ ಸೇನ್‌ಗುಪ್ತ ಅವರ ವೆರಿಲಾಗ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿವೆ. ಭಾಷೆ ಇಂಗ್ಲಿಷ್, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲೆರಡು ವಾರ ಕಷ್ಟ. ನನ್ನ ಅನುಭವದಲ್ಲಿ ಅವರಿಗೆ ನಿಜವಾಗಿ ತೊಡಕಾಗುವುದು ಇಂಗ್ಲಿಷಿಗಿಂತ ಸಿ ಭಾಷೆ.

ಸರಿ, ಆ ಹುಡುಗಿಯ ಕೌಂಟರು.

ಅವಳು ಬಟನ್ನನ್ನೇ ಕ್ಲಾಕ್ ಮಾಡಿಕೊಂಡಿದ್ದಳು. ಬಟನ್ ಏರಿದಾಗಲೆಲ್ಲ ಒಂದು ಕೂಡು, ಎಂದು. ಪರದೆಯ ಮೇಲೆ ಬಟನ್ ಎಂದರೆ ಸೊನ್ನೆಯಿಂದ ಒಂದಕ್ಕೆ ಏರುವ ಒಂದು ನೆಟ್ಟ ಗೆರೆ, ಅವಳ ಟೆಸ್ಟ್‌ಬೆಂಚಿನಲ್ಲಿ ಅವಳೇ ಬರೆದದ್ದು. ನಿಜವಾದ ಬಟನ್ನಿನೊಳಗೆ ಇರುವುದು ಲೋಹದ ಸಣ್ಣ ತಗಡು. ಒತ್ತಿದಾಗ ಅದು ಕೆಲವು ಮಿಲಿಸೆಕೆಂಡುಗಳ ಕಾಲ, ನೆಲಕ್ಕೆ ಬಿದ್ದ ಚೆಂಡಿನ ಹಾಗೆ, ಪುಟಿಯುತ್ತದೆ. ನಮ್ಮ ಬೆರಳಿಗೆ ಒಂದು ಒತ್ತು, ಫ್ಲಿಪ್‌ಫ್ಲಾಪ್‌ಗೆ ನಾಲ್ಕು. ತಂತ್ರಾಂಶ ಮೊದಲೇ ತಕರಾರು ಎತ್ತಿತ್ತು, ಈ ಪಿನ್ ಕ್ಲಾಕಿಗೆ ತಕ್ಕದ್ದಲ್ಲ ಎಂದು ಕೆಂಪಕ್ಷರದಲ್ಲಿ. "ಎರರ್ ಬಂತು ಸಾರ್. ಗೂಗಲ್ ಮಾಡಿದೆ, ಒಂದು ಲೈನ್ ಸಿಕ್ತು, ಅಂಟಿಸಿದೆ, ಹೋಯ್ತು." ಆ ಲೈನಿನ ಅರ್ಥ "ನನಗೆ ಗೊತ್ತು, ಸುಮ್ಮನಿರು" ಎಂದು. ತಂತ್ರಾಂಶ ಸುಮ್ಮನಾಗಿತ್ತು.

ಸರ್ಕ್ಯೂಟ್ ಸರಿಮಾಡುವ ಮೊದಲು ಟೆಸ್ಟ್‌ಬೆಂಚ್ ಕೆಡಿಸು ಎಂದೆ. ಬಟನ್ ಒಂದು ಸಲ ಏರುವ ಬದಲು ನಾಲ್ಕು ಸಲ ನಡುಗಿ ಏರುವ ಹಾಗೆ ಬರೆದಳು. ಪರದೆಯ ಮೇಲೂ ಕೌಂಟರ್ ನಾಲ್ಕಕ್ಕೆ ಹಾರಿತು. "ಅಯ್ಯೋ, ಇಲ್ಲೂ ಬಂತು!" ಎಂದಳು, ಖುಷಿಯಿಂದ. ಆಮೇಲೆ ಪೆನ್ಸಿಲ್ ತೆಗೆದುಕೊಂಡಳು. ಬಟನ್ನಿನಿಂದ ಬರುವ ಗೆರೆ ಮೊದಲು ಎರಡು ಫ್ಲಿಪ್‌ಫ್ಲಾಪ್ ದಾಟಿ ಬೋರ್ಡಿನ ಕ್ಲಾಕಿನ ತಾಳಕ್ಕೆ ಹೊಂದಿಕೊಳ್ಳಬೇಕು. ಆಮೇಲೆ ಒಂದು 20 ಬಿಟ್‌ಗಳ ಕೌಂಟರ್. ಬಟನ್ ಅಲ್ಲಾಡದೆ ನಿಂತಿರುವ ತನಕ ಅದು ಎಣಿಸುತ್ತದೆ, ಅಲ್ಲಾಡಿದರೆ ಮತ್ತೆ ಸೊನ್ನೆಯಿಂದ. 100 ಮೆಗಾಹರ್ಟ್ಸ್‌ನಲ್ಲಿ ಅದು ತುಂಬಲು ಹತ್ತೂವರೆ ಮಿಲಿಸೆಕೆಂಡ್ ಬೇಕು, ಅಷ್ಟರೊಳಗೆ ತಗಡು ಸಾಮಾನ್ಯವಾಗಿ ತೆಪ್ಪಗಾಗುತ್ತದೆ. ತುಂಬಿದಾಗ ಒಂದೇ ಒಂದು ಕ್ಲಾಕಿನಷ್ಟು ಉದ್ದದ ಸೂಚನೆ, "ಈಗ ಒಂದು ಕೂಡು" ಎಂದು. ಕ್ಲಾಕ್ ಮಾತ್ರ ಎಲ್ಲಕ್ಕೂ ಒಂದೇ, ಬೋರ್ಡಿನದ್ದು. ಅಂಟಿಸಿದ್ದ ಲೈನನ್ನು ತಾನೇ ಅಳಿಸಿದಳು.

ಮಧ್ಯಾಹ್ನ ಬೋರ್ಡಿಗೆ ಇಳಿಸಿದಾಗ ಸುತ್ತ ಏಳೆಂಟು ಜನ ಸೇರಿದ್ದರು. ನಮ್ಮ ಅಟೆಂಡರ್ ಕೂಡ ಕೀಲಿಗೊಂಚಲು ಹಿಡಿದು ಬಂದು ನಿಂತರು. ಒತ್ತಿದಳು, ಒಂದು. ಒತ್ತಿದಳು, ಎರಡು. ಬೇಕೆಂದೇ ಅದುರಿಸಿ ಒತ್ತಿದಳು, ಮೂರು. ಎಂಟು, ಒಂಬತ್ತು. ಮತ್ತೆ ಒತ್ತಿದಳು. ಪುಟ್ಟ ಕೆಂಪು ಡಿಸ್‌ಪ್ಲೇಯಲ್ಲಿ ಇಂಗ್ಲಿಷಿನ ಎ ಅಕ್ಷರ ಮೂಡಿತು.

ಅಟೆಂಡರ್ ಬಗ್ಗಿ ನೋಡಿದರು. "ಒಂಬತ್ತಾದ ಮೇಲೆ ಎ ಬಂತಲ್ಲಮ್ಮ," ಎಂದರು. "ನಮ್ಮ 7490ರಲ್ಲಿ ಸೊನ್ನೆ ಬರ್ತಿತ್ತು."